ಸರಿಯಾಗಿ ಕೂತ ಪ್ಯಾಂಟು

ಶನಿವಾರ ಬೆಳಿಗ್ಗೆ ಚಿರಂತನ್ ತಾನೇ ಹೊಲಿದ ಪ್ಯಾಂಟನ್ನು ಮೊದಲ ಸಲ ಏರಿಸಿದ. ಅದು ತೊಡೆಯವರೆಗೆ ಸಂತೋಷದಿಂದ ಬಂದು, ಆಮೇಲೆ ಹಟ ಹಿಡಿಯಿತು. ಹಾಸಿಗೆಯ ಮೇಲೆ ಅಂಗಾತ ಮಲಗಿ, ಉಸಿರು ಬಿಗಿಹಿಡಿದು ಎಳೆದರೂ ಗುಂಡಿಗೂ ಕಾಜಕ್ಕೂ ನಡುವೆ ಮೂರು ಇಂಚು ಉಳಿಯಿತು.

ತಪ್ಪು ನಡೆದದ್ದು ಎಂಟು ವಾರದ ಹಿಂದೆ, ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಹೊಲಿಗೆ ತರಗತಿಯ ಮೊದಲ ದಿನ. "ರೆಡಿಮೇಡ್ ಪ್ಯಾಂಟಿನ ಲೇಬಲ್ ನಂಬ್ಬೇಡಿ, ಟೇಪ್ ಹಿಡಿದು ಅಳತೆ ತಗೊಳ್ಳಿ," ಎಂದಿದ್ದಳು ಕಲಿಸುವ ಪ್ರಗತಿ. ಅವಳೆದುರು ಹೊಟ್ಟೆಗೆ ಟೇಪ್ ಸುತ್ತಲು ನಾಚಿಕೊಂಡ ಚಿರಂತನ್ ಲೇಬಲ್ಲಿನ ಮೂವತ್ನಾಲ್ಕನ್ನೇ ಬರೆಸಿ, ಅದೇ ಅಳತೆಗೆ ಬಟ್ಟೆ ಕತ್ತರಿಸಿದ.

ಪ್ಯಾಂಟಿನ ನೆಪದಲ್ಲಿ ಅವನು ಹೋಗುತ್ತಿದ್ದದ್ದು ಪ್ರಗತಿಯನ್ನು ನೋಡಲು. ಅವಳು ಪಕ್ಕ ನಿಂತು, "ಚಿರಂತನ್, ಬಟ್ಟೆ ಎಳೀಬೇಡಿ, ಅದೇ ಬರುತ್ತೆ," ಎನ್ನುವ ಆ ಒಂದು ಗಳಿಗೆಗಾಗಿ ವಾರವಿಡೀ ಕಾಯುತ್ತಿದ್ದ. ಇಂದು ಕೊನೆಯ ತರಗತಿ. ಅವಳು ಮೆಚ್ಚಿಕೊಂಡರೆ ಅದೇ ಧೈರ್ಯದಲ್ಲಿ ಮುಂದಿನ ಶನಿವಾರ ಊಟಕ್ಕೆ ಕರೆಯಬೇಕು. ಅವಳಿಲ್ಲದ ಶನಿವಾರವನ್ನು ನೆನೆದೇ ಅವನಿಗೆ ಸಂಕಟವಾಯಿತು.

ಕೆಳಮನೆಯ ಹೆಲನ್ ಆಂಟಿಯ ಬಾಗಿಲು ತಟ್ಟಿದ. ಮಂಗಳೂರಿನಿಂದ ಬಂದು, ನೈರೋಬಿಯಲ್ಲಿ ಟೀಚರಾಗಿ ನಿವೃತ್ತರಾದ ಆಕೆಗೆ ಆ ಕಟ್ಟಡದಲ್ಲಿ ಸಂಬಂಧಪಡದ ವಿಷಯವೇ ಇರಲಿಲ್ಲ.

"ಎಂತ ಮಾರಾಯ, ಇದು ನಿಂದಾ, ನಿನ್ನ ತಮ್ಮಂದಾ?"

"ನಂದೇ ಆಂಟಿ. ಹೊಲಿಗೆ ಸ್ವಲ್ಪ ಬಿಟ್ರೆ ಆಗಲ್ವಾ?"

"ಬಿಡ್ಲಿಕ್ಕೆ ಒಳಗೆ ಬಟ್ಟೆ ಎಲ್ಲುಂಟು? ಎಲ್ಲ ಕತ್ತರಿಸಿ ಹಾಕಿದ್ದಿ."

ಅಷ್ಟರಲ್ಲಿ ಜೊತೆಗೆ ಕರೆದೊಯ್ಯಲು ಸಹೋದ್ಯೋಗಿ ಕೌಸ್ತುಭ್ ಬಂದ. ಅದೇ ತರಗತಿಯವನು. ಅವನ ಪ್ಯಾಂಟಿನಲ್ಲಿ ಇನ್ನೊಬ್ಬರಿಗೂ ಜಾಗವಿತ್ತು. "ಸೇಫ್ಟಿಗೆ ಇರ್ಲಿ ಅಂತ ಆರಿಂಚು ಸೇರಿಸ್ದೆ ಕಣೋ," ಎಂದ, ಜಾರುವುದನ್ನು ಹಿಡಿದುಕೊಂಡು.

ಹೆಲನ್ ಆಂಟಿ ಹಿಂಬದಿಯ ಹೊಲಿಗೆ ಬಿಚ್ಚಿ, ಕಿತ್ತಳೆ ಬಣ್ಣದ ಹೂವುಗಳಿದ್ದ, ‘ಕಿಟೆಂಗೆ’ ಎಂಬ ಆಫ್ರಿಕನ್ ಬಟ್ಟೆಯ ತ್ರಿಕೋನದ ತುಂಡೊಂದನ್ನು ಇಟ್ಟು, ಎರಡೆರಡು ಸಲ ಹೊಲಿದರು. "ಉದ್ದದ ಅಂಗಿ ಹಾಕು. ಹಿಂದೆ ಯಾರು ನೋಡ್ತಾರೆ?"

ತರಗತಿಯಲ್ಲಿ ಚಿರಂತನ್ ಗೋಡೆಗೆ ಬೆನ್ನು ಕೊಟ್ಟೇ ನಿಂತ. ಪ್ರಗತಿ ಬಂದವಳೇ, "ಎಲ್ರೂ ಆ ಕಡೆ ತಿರುಗಿ, ಅಂಗಿ ಸ್ವಲ್ಪ ಮೇಲೆತ್ತಿ," ಎಂದಳು. ಕಿತ್ತಳೆ ಹೂವು ಕಂಡು ಎಲ್ಲರೂ ಕಿಸಕ್ಕೆಂದರು. ಪ್ರಗತಿ ಮಾತ್ರ ನಗಲಿಲ್ಲ.

"ಬಗ್ಗಿ ನೋಡೋಣ. ಕೂತ್ಕೊಳ್ಳಿ. ಏಳಿ. ಎಷ್ಟು ಚೆನ್ನಾಗಿ ಸರಿಮಾಡಿದ್ದೀರಿ. ಇಡೀ ಕ್ಲಾಸಲ್ಲಿ ಸರಿಯಾಗಿ ಕೂತಿರೋದು ಇದೊಂದೇ."

ಚಿರಂತನನ ಎದೆ ತುಂಬಿತು. ಊಟದ ಮಾತೆತ್ತಲು ಬಾಯಿ ತೆರೆಯುವಷ್ಟರಲ್ಲಿ ಅವಳು ಉಳಿದವರ ಕಡೆ ತಿರುಗಿದಳು.

"ಮಿಕ್ಕವರದ್ದೆಲ್ಲ ಅಳತೆ ತಪ್ಪಿದೆ. ಮುಂದಿನ ಶನಿವಾರದಿಂದ ನಮ್ಮನೆಗೆ ಬನ್ನಿ. ಒಬ್ಬೊಬ್ಬರ ಪಕ್ಕದಲ್ಲೂ ಕೂತು ಬಿಚ್ಚಿ ಹೊಲಿಸ್ತೀನಿ. ಎಷ್ಟು ತಿಂಗಳಾದ್ರೂ ಆಗ್ಲಿ. ಊಟನೂ ಅಲ್ಲೇ."

ಕೌಸ್ತುಭ್ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ತಲೆಯಾಡಿಸಿದ.

"ನಾನೂ ಬರ್ಲಾ?" ಎಂದ ಚಿರಂತನ್.

"ನಿಮಗ್ಯಾಕೆ ತೊಂದರೆ? ನೀವು ಪಾಸ್."

"ನಿಜ ಹೇಳ್ತೀನಿ, ಇದು ನಾನು ಹೊಲಿದಿದ್ದಲ್ಲ. ಕೆಳಗಡೆ ಮನೆ ಆಂಟಿ ಹೊಲಿದಿದ್ದು."

"ಇಷ್ಟೊಂದು ಸಂಕೋಚ ಒಳ್ಳೇದಲ್ಲ ಚಿರಂತನ್," ಎಂದು ನಕ್ಕು ಅವಳು ಕೌಸ್ತುಭನಿಗೆ ಮನೆಯ ವಿಳಾಸ ಬರೆದುಕೊಟ್ಟಳು.

ಚಿರಂತನ್ ಒಬ್ಬನೇ ಮನೆಗೆ ಹೋಗುವ ಮಟಾಟು ವ್ಯಾನು ಹತ್ತಿದ. ಇಳಿಯಬೇಕಾದ ಕಿಲೆಲೆಶ್ವಾ ಸ್ಟಾಪು ಬರುವಷ್ಟರಲ್ಲಿ ಐದಾರು ಸಲ ಎದ್ದೆದ್ದು ಸೀಟಿನ ಮೇಲೆ ಧೊಪ್ಪನೆ ಕೂತು ನೋಡಿದ. ಒಂದು ಹೊಲಿಗೆಯೂ ಬಿಡಲಿಲ್ಲ.