ಮಾವನ ಡಬ್ಬಿಗೆ ನನ್ನ ಫಿನಿಷಿಂಗ್

ಗಾಳದ ಫ್ಲೈಗಳಲ್ಲಿ, ಅಂದರೆ ಮೀನನ್ನು ಏಮಾರಿಸಲು ಕೊಕ್ಕೆಯ ಮೇಲೆ ಕಟ್ಟುವ ಹುಸಿ ಹುಳಗಳಲ್ಲಿ, ಎಷ್ಟು ಬಗೆ, ಯಾವುದು ಯಾವುದಕ್ಕೆ ಎಂಬುದನ್ನೆಲ್ಲ ಒಂದೇ ವಾರದಲ್ಲಿ ಅರೆದು ಕುಡಿದು, ಭಾನುವಾರ ಬೆಳಗ್ಗೆ ಮಾವನನ್ನು ದಂಗುಬಡಿಸುತ್ತೇನೆಂದು ನಾನು ಶಪಥ ಮಾಡಿದ್ದು ಸೋಮವಾರ, ಹಲ್ಲುಜ್ಜುತ್ತಿರುವಾಗ. ಇಪ್ಪತ್ತೆರಡು ವರ್ಷಗಳಿಂದ ದರ್ಜಿ ನಾನು. ಎದುರಿಗೆ ನಿಂತವನ ಸೊಂಟದ ಸುತ್ತಳತೆಯನ್ನು ಟೇಪು ಮುಟ್ಟದೆ ಹೇಳಬಲ್ಲೆ. ಇಂಥ ಕಣ್ಣಿಗೆ ಒಂದು ಡಬ್ಬಿ ಹುಳ ಯಾವ ಲೆಕ್ಕ!

ನನ್ನ ಮಾವ ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರು. ಬಿಡುವು ಸಿಕ್ಕರೆ ಗಾಳ ಹಿಡಿದು ನದಿಗೆ, ಇಲ್ಲದಿದ್ದರೆ ಮೌನ. ಮದುವೆಯಾಗಿ ಹನ್ನೊಂದು ವರ್ಷವಾದರೂ ಒಂದು ದಿನವೂ ನನ್ನನ್ನು ನದಿಗೆ ಬನ್ನಿ ಎಂದವರಲ್ಲ. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ, ಆದರೆ ಒಳಗೊಳಗೇ ಕೊರಗು ಇತ್ತು. ಅಂಥವರು ಆ ಶಪಥದ ಹಿಂದಿನ ದಿನ, ಭಾನುವಾರ, ಊಟವಾದ ಮೇಲೆ ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು.

"ಎಲ್ಲಾ ಮನೇಲೇ ಕಟ್ಟಿದ್ದು. ಯಾವುದು ಏನು ಅಂತ ನೋಡಿ ತಿಳ್ಕೊಳ್ಳಿ. ಮುಂದಿನ ಭಾನುವಾರ ನದಿಗೆ ಹೋಗೋಣ."

ಹನ್ನೊಂದು ವರ್ಷದಲ್ಲಿ ಅವರು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

ಡಬ್ಬಿ ತೆರೆದು ಭೂತಗನ್ನಡಿ ಹಿಡಿದೆ. ಅಕ್ಕಿಕಾಳಿನಷ್ಟು ಕೊಕ್ಕೆ. ಅದರ ಮೇಲೆ ಗರಿ, ತುಪ್ಪಳ, ಕೂದಲಿಗಿಂತ ತೆಳ್ಳನೆಯ ದಾರ. ಸುತ್ತಿದ ಸುತ್ತುಗಳಲ್ಲಿ ಒಂದರ ಮೇಲೊಂದು ಹತ್ತಿದ್ದಿಲ್ಲ. ಬಾಲ, ಸೊಂಟ, ರೆಕ್ಕೆ ಎಲ್ಲ ಇವೆ. ಮುಚ್ಚಳ ತೆರೆದಿಟ್ಟರೆ ಹಾರಿಹೋದಾವೆಂದು ಹೆದರಿ ಎರಡು ಸಲ ಮುಚ್ಚಿದೆ.

ಗ್ರಂಥಾಲಯದಿಂದ ಹೊಸಬರಿಗೆಂದೇ ಬರೆದ ಪುಸ್ತಕವೊಂದನ್ನು ತಂದೆ. ಬುಧವಾರದ ಹೊತ್ತಿಗೆ ಪಂಡಿತನಾದೆ. ಪಂಡಿತನಾದವನಿಗೆ ಒಬ್ಬ ಶಿಷ್ಯ ಬೇಕಲ್ಲ, ಅಡುಗೆಮನೆಗೆ ಹೋದೆ.

"ನೋಡು, ಇದು ಡ್ರೈ ಫ್ಲೈ. ರೆಕ್ಕೆ ಬಂದ ಹುಳ ನೀರಿನ ಮೇಲೆ ಕೂತ ಹಾಗೆ ತೇಲುತ್ತೆ."

"ಹೌದಾ" ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತ.

"ಇದು ವೆಟ್ ಫ್ಲೈ, ಮುಳುಗಿದ ಹುಳದ ಥರ. ಇದು ನಿಂಫ್. ಇನ್ನೂ ರೆಕ್ಕೆ ಬಾರದ ಮರಿ, ತಳದಲ್ಲಿ ಕಲ್ಲುಗಳ ಸಂದೀಲಿರುತ್ತೆ. ಉದ್ದಕ್ಕಿದೆಯಲ್ಲ, ಇದು ಸ್ಟ್ರೀಮರ್. ಹುಳ ಅಲ್ಲವೇ ಅಲ್ಲ, ಪುಟ್ಟ ಮೀನಿನ ವೇಷ. ದೊಡ್ಡ ಮೀನುಗಳಿಗೆ."

"ಹೌದಾ."

"ಒಂದೇ ಸಲಕ್ಕೆ ನಿನ್ನ ತಲೆಗೆ ಹೋಗಲ್ಲ ಬಿಡು. ನಾಳೆ ಇನ್ನೊಂದು ಸಲ ಹೇಳ್ತೀನಿ."

ಅವಳು ಈರುಳ್ಳಿಯನ್ನು ಬಾಣಲೆಗೆ ಸುರಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ನನ್ನ ಜ್ಞಾನದ ಭಾರಕ್ಕೆ ಮೂಕಳಾಗಿದ್ದಾಳೆಂದುಕೊಂಡೆ.

ಅನಾಹುತ ನಡೆದದ್ದು ಗುರುವಾರ, ಅಂಗಡಿಯಲ್ಲಿ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಒಂದು ಕೋಟಿನ ಕೆಲಸ ಮುಗಿಸಿ, ಉಳಿದ ದಾರದ ತುದಿಗಳನ್ನು ಕತ್ತರಿಸುತ್ತ ಡಬ್ಬಿಯತ್ತ ನೋಡಿದೆ. ಹನ್ನೊಂದು ಡ್ರೈ ಫ್ಲೈಗಳಿಗೂ ಕುತ್ತಿಗೆಯ ಸುತ್ತ ಗರಿಯ ಎಳೆಗಳು ಕೆದರಿಕೊಂಡು ನಿಂತಿದ್ದವು. ಛೆ! ತುದಿ ಬಿಟ್ಟ ಒಂದು ಅಂಗಿಯೂ ನನ್ನ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. ಪಾಪ, ಮಾವನಿಗೆ ವಯಸ್ಸಾಯಿತು, ಫಿನಿಷಿಂಗಿಗೆ ಕೈ ಬಗ್ಗುತ್ತಿಲ್ಲ, ಅಳಿಯನಾದವನು ಇಷ್ಟಾದರೂ ಮಾಡಬೇಡವೇ ಎನಿಸಿತು. ಸಣ್ಣ ಕತ್ತರಿ ತೆಗೆದುಕೊಂಡೆ. ಅರ್ಧ ಗಂಟೆಯಲ್ಲಿ ಹನ್ನೊಂದೂ ಕ್ಷೌರ ಮುಗಿಸಿಕೊಂಡ ವರರಂತೆ ನೀಟಾಗಿ ಮಲಗಿದವು.

ಶನಿವಾರ ಮಧ್ಯಾಹ್ನ, ತೇಲುವ ಸೊಗಸನ್ನು ಕಣ್ಣಾರೆ ನೋಡೋಣವೆಂದು ಒಂದನ್ನು ಬಕೆಟ್ಟಿನ ನೀರಿಗೆ ಬಿಟ್ಟೆ. ಮುಳುಗಿತು. ಎರಡನೆಯದು ಮುಳುಗಿತು. ಹನ್ನೊಂದನೆಯದು ಮಿಕ್ಕ ಹತ್ತರ ಪಕ್ಕ ತಳದಲ್ಲಿ ಹೋಗಿ ಕುಳಿತುಕೊಂಡಿತು. ಓಡಿ ಹೋಗಿ ಪುಸ್ತಕ ತೆರೆದೆ. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿತ್ತು: ಕುತ್ತಿಗೆಯ ಸುತ್ತ ಕೆದರಿ ನಿಂತ ಎಳೆಗಳ ತುದಿಯ ಮೇಲೆಯೇ ಡ್ರೈ ಫ್ಲೈ ನೀರಿನ ಮೇಲೆ ನಿಲ್ಲುತ್ತದೆ.

ಎರಡು ನಿಮಿಷ ಭಯವನ್ನೂ ಮರೆತು ಬೆರಗಾಗಿ ಕುಳಿತೆ. ನೀರಿನ ಮೇಲೆ ನಿಲ್ಲಲು ಅಷ್ಟು ಸಾಕೇ? ನಾನು ಗುಡಿಸಿ ಎಸೆದ ಕಸವೇ ಆ ಹುಳದ ಕಾಲುಗಳಾಗಿತ್ತೇ? ಆಮೇಲೆ ಭಾನುವಾರ ನೆನಪಾಯಿತು. ಹನ್ನೊಂದು ವರ್ಷ ಕಾದ ನದಿ ಬಕೆಟ್ಟಿನಲ್ಲೇ ಮುಳುಗಿತ್ತು.

ಹೊಸ ಗರಿ ಕಟ್ಟಿದರಾಯಿತು, ಸೂಜಿದಾರ ಹಿಡಿದ ಕೈಗೆ ಇದೇನು ಮಹಾ ಎಂದು ಗರಿ ತುಂಬಿದ ದಿಂಬೊಂದನ್ನು ಬಿಚ್ಚಿದೆ. ಫ್ಯಾನು ತಿರುಗುತ್ತಿದ್ದದ್ದನ್ನು ಗಮನಿಸಿರಲಿಲ್ಲ. ಕೋಣೆ ತುಂಬ ಗರಿ! ಹಿಡಿಯಲು ಎದ್ದೆ. ಕೈಯಲ್ಲಿದ್ದ ಕೊಕ್ಕೆ ಅಂಗಿಯ ತೋಳನ್ನೂ ದಿಂಬನ್ನೂ ಸೇರಿಸಿ ಭದ್ರವಾಗಿ ಕಚ್ಚಿತು. ಬಿಡಿಸಲು ಹೋಗಿ ಇನ್ನೊಂದು ಕೊಕ್ಕೆ ಪ್ಯಾಂಟಿಗೆ ಸಿಕ್ಕಿತು. ಆಗ ಬಾಗಿಲಲ್ಲಿ ಹೆಂಡತಿ.

"ಏನ್ರೀ ಇದು?"

"ಡ್ರೈ ಫ್ಲೈ."

"ನಾನು ಕೇಳಿದ್ದು ದಿಂಬಿನ ವಿಷಯ."

ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ. ಕೊಕ್ಕೆಯನ್ನು ಹಿಂದಕ್ಕೆ ಒತ್ತಿ, ಒಂದೆಳೆ ಬಟ್ಟೆ ಹರಿಯದಂತೆ ಬಿಡಿಸಿದಳು. ಬೀರುವಿನ ಮೇಲಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಇಳಿಸಿದಳು. ಒಳಗೆ ಕೊಕ್ಕೆಯನ್ನು ಕಚ್ಚಿ ಹಿಡಿಯುವ ಪುಟ್ಟ ಇಕ್ಕಳ, ದಾರದ ಉರುಳೆಗಳು, ಕಾಗದದಲ್ಲಿ ಸುತ್ತಿದ ಗರಿಗಳು.

"ಅಪ್ಪಂಗೆ ದಿನವಿಡೀ ಗಡಿಯಾರ ನೋಡಿ ಸಂಜೆಗೆ ಕಣ್ಣು ಸೋತುಹೋಗೋದು. ಡ್ರೈ ಫ್ಲೈ ಎಲ್ಲಾ ನಾನೇ ಕಟ್ತಿದ್ದೆ. ಮೊದಲನೇದು ಕಟ್ಟಿದಾಗ ನಂಗೆ ಒಂಬತ್ತು ವರ್ಷ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. "ಮತ್ತೆ ವಾರವೆಲ್ಲಾ ಹೌದಾ ಹೌದಾ ಅಂತಿದ್ದೆಯಲ್ಲ?"

"ನೀವು ಅಷ್ಟು ಖುಷಿಯಾಗಿ ಹೇಳ್ತಿದ್ರಿ."

"ನನಗೆ ಒಂದು ಮಾತು ಹೇಳಬಾರದಿತ್ತಾ, ಹನ್ನೊಂದು ವರ್ಷದಲ್ಲಿ?"

"ನೀವು ಕೇಳಲಿಲ್ಲ" ಎಂದು ದಾರಕ್ಕೆ ಮೇಣ ಸವರಿದಳು.

ಸಂಜೆಯವರೆಗೆ ಅವಳ ಪಕ್ಕ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಎಷ್ಟೋ ಕುಶಲಿಗಳ ಕೈ ಕಂಡವನು ನಾನು, ಇಂಥ ಕೈ ಕಂಡಿರಲಿಲ್ಲ. ಎಡಗೈ ದಾರ ಸುತ್ತುತ್ತಿತ್ತು, ಬಲಗೈ ಗರಿಯನ್ನು ಉಸಿರು ಸೋಕಿದಷ್ಟೇ ಮುಟ್ಟುತ್ತಿತ್ತು. ದಿನವೂ ನನಗೆ ಊಟ ಬಡಿಸಿದ ಕೈಗಳು! ಹನ್ನೊಂದನೆಯದು ಮುಗಿದಾಗ ಬಕೆಟ್ಟಿಗೆ ಬಿಟ್ಟಳು. ಅದು ಒದ್ದೆಯಾಗದೆ ಎಳೆಗಳ ತುದಿಯ ಮೇಲೆ ನಿಂತಿತು. ನನಗೆ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯಿಲ್ಲ.

ಭಾನುವಾರ ಮಾವ ಬಂದರು. ಡಬ್ಬಿ ತೆರೆದು ಒಂದನ್ನು ಬೆಳಕಿಗೆ ಹಿಡಿದರು.

"ಇದು ಹೊಸದು."

"ಅವರೇ ಕಟ್ಟಿದ್ದು ಅಪ್ಪಾ" ಎಂದಳು ಹೆಂಡತಿ, ನನ್ನ ಮಾನ ಉಳಿಸಲು.

ಹೌದು ಎಂದರೆ ನದಿ. ನಾಲಿಗೆಯ ತುದಿಗೆ ಬಂದೂ ಬಂತು. ನಿನ್ನೆಯ ಆ ಕೈಗಳನ್ನು ನೆನೆದಾಗ ಆ ಮಾತು ಹೊರಡಲಿಲ್ಲ.

"ಇಲ್ಲ ಮಾವ. ಹಳೇದೆಲ್ಲಾ ಕತ್ತರಿಸಿ ಹಾಳು ಮಾಡಿದ್ದು ನಾನು. ಕಟ್ಟಿದ್ದು ಅವಳು."

"ಗೊತ್ತು. ದಾರ ಎಡಗಡೆಗೆ ಸುತ್ತಿದೆ, ಇವಳ ಎಡಗೈ ಕೆಲಸ" ಎಂದರು ಮಾವ. ಡಬ್ಬಿ ಮುಚ್ಚಿ ಮಗಳ ಕೈಗೆ ಕೊಟ್ಟರು. "ಇಬ್ರೂ ಹೊರಡಿ. ಕಾರಲ್ಲಿ ಜಾಗ ಇದೆ."

ನದಿಯಲ್ಲಿ ಗಾಳದ ಕೋಲು ಅವಳ ಕೈಗೆ ಹೋಯಿತು, ಬುತ್ತಿಚೀಲ ನನ್ನ ಕೈಗೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ದಾರವನ್ನು ಬೀಸಿದಳು. ಅದು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ, ತುದಿಯ ಹುಳ ಸದ್ದಿಲ್ಲದೆ ಇಳಿದು ಹರಿವಿನ ಮೇಲೆ ನಿಂತು ತೇಲತೊಡಗಿತು. ಕೆಳಗೆ ಒಂದು ದೊಡ್ಡ ನೆರಳು ಮೆಲ್ಲನೆ ಮೇಲೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ನೋಡಿ ಮಾವ, ಅದೇ ಡ್ರೈ ಫ್ಲೈ! ಬರೀ ಗರಿ, ದಾರ ಅಂದ್ರೆ ಯಾರಾದ್ರೂ ನಂಬ್ತಾರಾ?"

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿದರು.

"ಮೆತ್ತಗೆ, ಅಳಿಯಂದಿರೇ. ಅದು ಗೊತ್ತಿಲ್ಲದೆ ಇರೋದು ಇನ್ನು ಆ ಮೀನೊಂದಕ್ಕೇ."