ಬ್ರಶ್ ಒದ್ದಿ ಐತೇನು?

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಶಾಲೆಯ ದಾರಿ ಎಡಕ್ಕಿತ್ತು, ಕುಡತಿನಿ ಕಡೆ ಹೊರಟ ಲಾರಿ ಬಲಕ್ಕೆ ನಿಂತಿತ್ತು. ಬಲಕ್ಕೆ ಹೋದೆ. ಕೈಯಲ್ಲಿ ಕಂಪಾಸು ಬಾಕ್ಸ್ ಇತ್ತು, ಹಲ್ಲುಜ್ಜುವ ಬ್ರಶ್ ಇರಲಿಲ್ಲ. ಅಂದಿನಿಂದ ಯಾವ ಊರಲ್ಲೂ ವರ್ಷ ತುಂಬಿಸಿದವನಲ್ಲ, ಬ್ರಶ್ ಕೊಂಡವನೂ ಅಲ್ಲ. ಅಂಥವನ ಕೈಗೇ ಬಳ್ಳಾರಿಯಲ್ಲಿ ಮಕ್ಕಳಿಗೆ ಬ್ರಶ್ ಹಂಚುವ ಕೆಲಸ ಬಂತು. ನನ್ನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಗಾಂಧಿನಗರದ ಒಬ್ಬ ನಿವೃತ್ತ ಟೀಚರಮ್ಮ ಅಂಗಡಿ ಅಂಗಡಿ ತಿರುಗಿ ಬ್ರಶ್ಶು, ಪೇಸ್ಟು ಕೇಳಿ ತರುತ್ತಿದ್ದರು. ಬಾಡಿಗೆ ಗೂಡ್ಸ್ ಆಟೋದಲ್ಲಿ ಅವನ್ನು ಬಡಮಕ್ಕಳ ಶಾಲೆಗಳಿಗೆ ಮುಟ್ಟಿಸುವುದು ನನ್ನ ಪಾಲು.

ಬ್ರೂಸ್‌ಪೇಟೆಯಲ್ಲಿ

ಎಲ್ಲರಿಗಿಂತ ಹೆಚ್ಚು ಕೊಟ್ಟವರು ಬ್ರೂಸ್‌ಪೇಟೆಯ ಒಬ್ಬ ಹೋಲ್‌ಸೇಲ್ ಸಾವ್ಕಾರರು. ಡಬ್ಬಿ ಬಿಚ್ಚಿದರೆ ಎಲ್ಲವೂ ದೊಡ್ಡವರ ಬ್ರಶ್ಶು.

"ಸಾವ್ಕಾರ್ರ, ಇವು ಒಂದನೇ ಕ್ಲಾಸಿನ ಮಕ್ಕಳ ಬಾಯಾಗ ಹಿಡಿಯಂಗಿಲ್ರಿ," ಅಂದರು ಟೀಚರಮ್ಮ.

"ಯೂನಿಫಾರ್ಮು ಎರಡು ಬೊಟ್ಟು ದೊಡ್ಡದ ಹೊಲಿಸ್ತೀವಲ್ರಿ ಅಮ್ಮಾ. ಬೆಳೀತಾರ ಬಿಡ್ರಿ."

"ಅವ್ರು ಬೆಳಿಯೋತನ ಹಲ್ಲು ಉಳೀಬೇಕಲ್ರಿ."

ಸಾವ್ಕಾರರು ಡಬ್ಬಿ ಮುಚ್ಚಿ ಸಣ್ಣ ಬ್ರಶ್ಶು, ಪೇಸ್ಟು ತರಿಸಿದರು. ಜೊತೆಗೊಂದು ಷರತ್ತು: "ತಿಂಗಳು ಬಿಟ್ಟು ನಾನ ಬಂದು ನೋಡ್ತೀನಿ. ಬಳಸಿದ್ರ ವರ್ಷಪೂರ್ತಿ ಕೊಡ್ತೀನಿ. ಇಲ್ಲಾಂದ್ರ ಇದ ಕಡೀದು."

ಟೀಚರಮ್ಮ ನನ್ನ ಕಡೆ ತಿರುಗಿದರು. "ಬೆಳಿಗ್ಗಿ ಹೋಗಿ ಮುಟ್ಟಿ ನೋಡಬೇಕಪ್ಪ. ಒದ್ದಿ ಇದ್ರ ಉಜ್ಜ್ಯಾರ ಅಂತ. ಅಲ್ಲಿತನ ನೀ ಎಲ್ಲೂ ಹೋಗಬ್ಯಾಡ."

ಒಂದೇ ಊರಲ್ಲಿ ಒಂದು ತಿಂಗಳು. ಅದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಸುಲಭವಿತ್ತು.

ಸಿರುಗುಪ್ಪದಲ್ಲಿ

ಶಾಲೆಗಳಿಗೆ ಬ್ರಶ್ ಹಂಚಿ ತಿಂಗಳಾಯಿತು. ಸಾವ್ಕಾರರನ್ನು ಆಟೋದಲ್ಲಿ ಕೂರಿಸಿಕೊಂಡು ಬೆಳಿಗ್ಗೆಯೇ ಸಿರುಗುಪ್ಪಕ್ಕೆ ಹೋದೆ. ಶಾಲೆಯ ಪಕ್ಕದ ಮೊದಲ ಮನೆಯ ಕಟ್ಟೆ ಮೇಲೆ ಬ್ರಶ್ ಕಂಡಿತು. ಮುಟ್ಟಿದೆ, ಒದ್ದೆ. ಪೇಸ್ಟೂ ಮುಗಿಯುತ್ತ ಬಂದಿತ್ತು. ಸಾವ್ಕಾರರ ಮುಖ ಅರಳಿತು. ಬಾಗಿಲಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದರು:

"ಮೊಮ್ಮಗ ದಿನಾ ಉಜ್ತಾನೇನವ್ವ?"

"ಅವಂದು ಎರಡು ದಿನಕ್ಕೊಮ್ಮಿ. ನಾ ದಿನಾ ಉಜ್ತೀನ್ರಿ," ಎಂದಳು ಅಜ್ಜಿ.

ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಾವು ಮುಖ ಮುಖ ನೋಡಿಕೊಂಡೆವು. "ಇದನ್ನ್ರಿ," ಎಂದು ಆಕೆ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಎತ್ತಿ ಹಿಡಿದಳು. ಬಿಸಿಲಿಗೆ ಕಣ್ಣು ಕುಕ್ಕುವಂತಿತ್ತು.

ಬೈಯಲು ಬಾಯಿ ತೆರೆದ ಸಾವ್ಕಾರರು ತಮ್ಮ ಕೊರಳಿನ ಕರಡಿಗೆ ತೆಗೆದು ಪಕ್ಕದಲ್ಲಿ ಹಿಡಿದು ನೋಡಿದರು. ಇವರದು ಕಪ್ಪಗಾಗಿತ್ತು.

"ಯಾವ ಪೇಸ್ಟ್ ಬೇ ಇದು?"

"ನೀವ ಕೊಟ್ಟಿದ್ದ್ರಿ."

ಕುರುಗೋಡಿನಲ್ಲಿ

"ಅಲ್ಲೂ ಹಿಂಗ ಆದ್ರ ಎಲ್ಲಾ ಬಂದ್," ಎಂದು ಸಾವ್ಕಾರರು ದಾರಿಯುದ್ದಕ್ಕೂ ಅನ್ನುತ್ತ ಬಂದರು.

ಕುರುಗೋಡಿನ ಶಾಲೆಯಲ್ಲಿ ಮಕ್ಕಳು ಬ್ರಶ್ ಹಿಡಿದು ಸಾಲಾಗಿ ನಿಂತಿದ್ದರು. ಹತ್ತಿರ ಹೋಗಿ ಮುಟ್ಟಿದೆ. ಒದ್ದೆಯ ಮಾತು ಹಾಗಿರಲಿ, ಮೇಲಿನ ಪ್ಲಾಸ್ಟಿಕ್ಕನ್ನೇ ಯಾರೂ ಬಿಚ್ಚಿರಲಿಲ್ಲ. ಸಾವ್ಕಾರರು ಆಟೋ ಕಡೆ ತಿರುಗಿದರು.

"ಯಾಕವ್ವ, ಬಳಸಿಲ್ಲ?" ಎಂದು ಮುಂದೆ ನಿಂತ ಹುಡುಗಿಯನ್ನು ಕೇಳಿದೆ.

"ನೀವ ಹೇಳಿದ್ರಲ್ರಿ ಮಾಮಾ, ಸಾವ್ಕಾರ್ರು ಬ್ರಶ್ ನೋಡಾಕ ಬರ್ತಾರ, ಜ್ವಾಪಾನ ಇಟ್ಕಳ್ರಿ ಅಂತ."

ಹೇಳಿದ್ದು ನಾನೇ. "ಮತ್ತ ಹಲ್ಲು?"

"ಬೇವಿನಕಡ್ಡೀಲೆ ದಿನಾ ಉಜ್ಜೀವ್ರಿ. ಅಕಸ್ಮಾತ್ ಹಲ್ಲೂ ನೋಡಿದ್ರ ಅಂತ."

ಇಡೀ ಸಾಲು ಹಲ್ಲು ಕಿರಿಯಿತು. ತೊಳೆದಿಟ್ಟ ಅಕ್ಕಿಯಂತಿದ್ದವು. ಸಾವ್ಕಾರರು ವಾಪಸ್ಸು ಬಂದು ಒಂದೊಂದೇ ಬಾಯಿ ನೋಡಿದರು.

"ಬಳಸಿಲ್ಲ ಅನ್ನೋದೂ ಖರೆ, ಉಜ್ಜ್ಯಾರ ಅನ್ನೋದೂ ಖರೆ. ನಾ ಈಗ ಏನ್ ಮಾಡ್ಲಿ?" ಎಂದವರ ಕಣ್ಣು ನನ್ನ ಮೇಲೆ ಬಿತ್ತು. "ಎಲ್ಲಿ, ನಿಂದ ತೋರ್ಸಲೇ."

ತೋರಿಸಿದೆ. ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

"ವರ್ಷಪೂರ್ತಿ ಕೊಡ್ತೀನಿ," ಅಂದರು ಸಾವ್ಕಾರರು. "ಇವತ್ತ ಪ್ಲಾಸ್ಟಿಕ್ ಬಿಚ್ರಿ. ಇಲ್ಲಾಂದ್ರ ಮುಂದ ಹಿಂಗಾಗ್ತತಿ ನೋಡ್ರಿ."

ಹೊರಡುವಾಗ ಆ ಹುಡುಗಿ ಓಡಿಬಂದು ತನ್ನ ಬ್ರಶ್ಶನ್ನು ನನ್ನ ಕೈಗಿಟ್ಟಳು. "ನಂಗ ಸಾವ್ಕಾರ್ರು ಮತ್ತೊಂದು ಕೊಡ್ತಾರ. ಇದು ನಿಮಗ ಬೇಕಾಗ್ತತಿ. ತಿಂಗಳಾದ ಮ್ಯಾಲೆ ನಾ ನೋಡ್ತೀನಿ."

"ನಾ ಆಗ ಎಲ್ಲಿರ್ತೀನೋ ಏನೋ ತಾಯಿ."

"ಎಲ್ಲಿದ್ರೂ ಬಂದು ತೋರಿಸಿ ಹೋಗ್ರಿ."

ಇವತ್ತು ಆಟೋ ಬಾಡಿಗೆಯವರಿಗೆ ಒಪ್ಪಿಸಿ ಬಂದು ಚೀಲ ಕಟ್ಟುತ್ತಿದ್ದೇನೆ. ಎರಡು ಅಂಗಿ, ಒಂದು ಲುಂಗಿ. ಮೇಲಿನ ಅಂಗಿ ಸ್ವಲ್ಪ ತೊಯ್ದಿದೆ, ಬ್ರಶ್ ಇನ್ನೂ ಆರಿಲ್ಲ. ರಾಯಚೂರು ಕಡೆ ಹೋಗುವ ವಿಚಾರ. ಆದರೆ ತಿಂಗಳಾದ ಮೇಲೆ ಕುರುಗೋಡಿಗೆ ಬರಬೇಕು. ಈ ಪರೀಕ್ಷೆ ತಪ್ಪಿಸುವಂತಿಲ್ಲ.