ಕದ್ದ ಕಡ್ಡಿ

ಹಯಗ್ರೀವ ಮೇಷ್ಟ್ರ ಮನೆಯ ಗುಲಾಬಿ ಗಿಡಗಳು ಸತ್ತು ಎಷ್ಟು ದಿನವಾಗಿತ್ತೋ, ಅದು ಅವರ ಗಮನಕ್ಕೆ ಬಂದದ್ದು ಆ ಭಾನುವಾರ ಬೆಳಿಗ್ಗೆ. ಬಾಣಂತನಕ್ಕೆ ಕೃಷ್ಣಗಿರಿಯ ತವರಿಗೆ ಹೋಗಿದ್ದ ಹೆಂಡತಿ ಶಾಂತಾಬಾಯಿ, ಮಗುವನ್ನೆತ್ತಿಕೊಂಡು ಸಂಜೆ ಬಸ್ಸಿಗೆ ಬರುವವಳಿದ್ದಳು. "ನನ್ನ ಗುಲಾಬಿ ಜೋಪಾನ" ಎಂದು ಹೇಳಿಯೇ ಹೋಗಿದ್ದಳು. ಈಗ ಕುಂಡಗಳಲ್ಲಿ ಉಳಿದಿದ್ದದ್ದು ಒಲೆಗೆ ಲಾಯಕ್ಕಾದ ಪುಳ್ಳೆ. ಅವಳು ಬಾಗಿಲಿಗೆ ಬರುವಾಗ ಒಂದಾದರೂ ಹೂವು ಕಾಣಬೇಡವೇ?

ಪಕ್ಕದ ಮನೆಯ ಅಂಬುಜಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿದರು. ಆಲಸನತ್ತಂನ ಆ ಬೀದಿಯಲ್ಲಿ ಯಾರ ಕಷ್ಟವೂ ಅವರ ಸಲಹೆಯಿಲ್ಲದೆ ಮುಗಿದದ್ದಿಲ್ಲ.

"ಈ ಬಿಸಿಲಿಗೆ ಗುಲಾಬಿ ನಿಲ್ಲುತ್ತೇನ್ರೀ ಮೇಷ್ಟ್ರೇ? ಕನಕಾಂಬರ ಹಾಕಿ, ಕಾಶಿ ಕಣಗಿಲೆ ಹಾಕಿ. ಕಾಗದದ ಹೂವಿನ ಗಿಡವಂತೂ ನೀರು ಮರೆತ್ರೂ ಬೇಜಾರು ಮಾಡ್ಕೊಳ್ಳಲ್ಲ. ನಿಮ್ಮಂಥೋರಿಗೆ ಅದೇ ಸರಿ."

"ಹಾಗಾದ್ರೆ ವೆಂಕಟಾಚಲಯ್ಯನೋರ ಹತ್ರ ಒಂದು ಕಡ್ಡಿ ಕೇಳ್ತೀನಿ. ಅವರ ಗೋಡೆ ತುಂಬಾ ಅದೇ ಇದೆ."

"ಅಯ್ಯೋ, ಕೇಳಿ ತಂದ ಕಡ್ಡಿ ಎಲ್ಲಾದ್ರೂ ಚಿಗುರುತ್ತಾ? ಕದ್ದು ತರ್ಬೇಕು!"

ಹೀಗಾಗಿ ಮಟಮಟ ಮಧ್ಯಾಹ್ನ, ಬೀದಿಯೆಲ್ಲ ಉಂಡು ಮಲಗಿದ್ದಾಗ, ಶಾಲೆಯಲ್ಲಿ ಮಕ್ಕಳಿಗೆ ನೀತಿಪಾಠ ಹೇಳುವ ಮೇಷ್ಟ್ರು ವೆಂಕಟಾಚಲಯ್ಯನವರ ಗೋಡೆಗೆ ಹಲ್ಲಿಯ ಹಾಗೆ ಅಂಟಿ ನಿಂತರು. ಆ ಗಿಡಕ್ಕೆ ಮುಳ್ಳಿದೆ ಎಂದು ಅಂಬುಜಮ್ಮ ಹೇಳಿರಲಿಲ್ಲ. ಕಡ್ಡಿ ಕೈಗೆ ಬರುವ ಮೊದಲೇ ಪಂಚೆ ಗಿಡದ ಪಾಲಾಯಿತು. ಬಿಡಿಸಿಕೊಳ್ಳುತ್ತಿರುವಾಗ ವೆಂಕಟಾಚಲಯ್ಯ ಬೀಸಣಿಗೆ ಹಿಡಿದು ಹೊರಗೆ ಬಂದರು.

"ಏನ್ರೀ ಮೇಷ್ಟ್ರೇ, ಕಡ್ಡಿ ಬೇಕಿತ್ತಾ? ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?"

"ದಯವಿಟ್ಟು ಕೊಡ್ಬೇಡಿ!" ಮೇಷ್ಟ್ರು ಕೈ ಮುಗಿದರು. "ಕೊಟ್ರೆ ಚಿಗುರಲ್ವಂತೆ. ಒಂದು ನಿಮಿಷ ಆ ಕಡೆ ತಿರುಗಿ ನಿಂತ್ಕೊಳ್ಳಿ, ಕದ್ಬಿಡ್ತೀನಿ."

ವೆಂಕಟಾಚಲಯ್ಯ ಶಾಸ್ತ್ರ ಸಂಪ್ರದಾಯದಲ್ಲಿ ಬಲು ಖಂಡಿತದ ಮನುಷ್ಯ. "ನಾನು ಸುಮ್ನೆ ನಿಂತ್ರೆ ಕೊಟ್ಟ ಹಾಗೇ ಆಗುತ್ತಲ್ರೀ. ಮಾಡೋದಾದ್ರೆ ಸರಿಯಾಗಿ ಮಾಡೋಣ" ಎಂದವರೇ ಬೆನ್ನು ತಿರುಗಿಸಿ, "ಕಳ್ಳ! ಕಳ್ಳ!" ಎಂದು ಗಂಟಲು ಹರಿಯುವ ಹಾಗೆ ಕೂಗಿದರು.

ಮೇಷ್ಟ್ರು ಗಡಿಬಿಡಿಯಲ್ಲಿ ಒಂದು ಕಡ್ಡಿ ಮುರಿದುಕೊಳ್ಳುವಷ್ಟರಲ್ಲಿ ಬೀದಿಯೇ ಎದ್ದು ಬಂತು. ಎದುರಿನ ಮರದಡಿ ಒರಗಿದ್ದ ಬಾಗಲೂರಿನ ಹಾಲಿನ ಮುನಿಶಾಮಿ ದೊಣ್ಣೆ ಎತ್ತಿಕೊಂಡೇ ಓಡಿಬಂದ. "ಯಾವನ್ಲಾ ಅವ್ನು? ಬುಡ್ಬ್ಯಾಡಿ, ಇಡ್ಕೊಳ್ರಿ!" ಎಂದು ಮೇಷ್ಟ್ರ ಕುತ್ತಿಗೆಗೆ ಕೈ ಹಾಕಿದವನು ಮುಖ ನೋಡಿ, "ಅಯ್ ಶಿವ್ನೆ, ನಮ್ ಮೇಷ್ಟ್ರು ಕಣಪ್ಪೋ!" ಎಂದು ಪೆಚ್ಚಾದ. ಇದು ಊರೆಲ್ಲ ನೋಡುತ್ತಿರುವಾಗ ಕದ್ದ ಅಪ್ಪಟ ಕಡ್ಡಿ, ಚಿಗುರದೆ ಎಲ್ಲಿಗೆ ಹೋಗುತ್ತದೆ ಎಂದು ವೆಂಕಟಾಚಲಯ್ಯ ಎಲ್ಲರಿಗೂ ವಿವರಿಸಿದರು. ಹೆಂಗಸರು ಅದನ್ನು ಆಸೆಯಿಂದ ಮುಟ್ಟಿ ಮುಟ್ಟಿ ನೋಡಿದರು.

ಮಾನ ಹೋದರೂ ಹೂವು ಬಂತಲ್ಲ ಎಂದು ಮೇಷ್ಟ್ರಿಗೆ ಸಮಾಧಾನವಾಯಿತು. ರಾಣಿ ಬಣ್ಣದ ಗೊಂಚಲಿದ್ದ ಆ ಕಡ್ಡಿಯನ್ನು ಗೇಟಿನ ಪಕ್ಕ ನೆಟ್ಟು, ನೀರು ಹಾಕಿ, ಬಸ್ ಸ್ಟ್ಯಾಂಡಿಗೆ ಓಡಿದರು. ಮನೆಗೆ ಬರುವ ದಾರಿಯಲ್ಲಿ ಗುಲಾಬಿಯ ಸುದ್ದಿಯನ್ನೇ ಎತ್ತಲಿಲ್ಲ. "ಗೇಟಿನ ಹತ್ರ ನಿಂಗೆ ಏನೋ ಇಟ್ಟಿದೀನಿ, ನೋಡ್ತಿರು" ಎಂದಷ್ಟೇ ಹೇಳಿದರು.

ಗೇಟಿನ ಹತ್ತಿರ ಒಂದು ಗುಂಡಿ ಇತ್ತು. ಕಡ್ಡಿ ಇರಲಿಲ್ಲ.

ಮೇಷ್ಟ್ರು ಅಳುವುದೊಂದು ಬಾಕಿ, ನಡೆದದ್ದನ್ನೆಲ್ಲ ಹೇಳಿದರು. ಶಾಂತಾಬಾಯಿ ಒಣಗಿದ ಗುಲಾಬಿ ನೋಡಿದಳು, ಗಂಡನ ಹರಿದ ಪಂಚೆ ನೋಡಿದಳು, ಮಗು ಬೆಚ್ಚಿ ಏಳುವ ಹಾಗೆ ನಕ್ಕಳು. ಆಮೇಲೆ ಮಗುವನ್ನು ಅವರ ಕೈಗೆ ಕೊಟ್ಟು, ತುದಿಗಾಲಲ್ಲಿ ನಿಂತು ಅಂಬುಜಮ್ಮನ ಕಾಂಪೌಂಡಿನೊಳಗೆ ಇಣುಕಿದಳು. ಆಗತಾನೆ ನೀರು ಕುಡಿದ ಮಣ್ಣಿನಲ್ಲಿ ರಾಣಿ ಬಣ್ಣದ ಗೊಂಚಲು ತಲೆಯೆತ್ತಿ ನಿಂತಿತ್ತು.

"ಈಗ್ಲೇ ಹೋಗಿ ಕೇಳ್ತೀನಿ!" ಎಂದು ಮೇಷ್ಟ್ರು ಹೊರಟರು.

ಅವಳು ತೋಳು ಹಿಡಿದು ನಿಲ್ಲಿಸಿದಳು. "ಸುಮ್ನಿರ್ರೀ. ನಮ್ಮನೇಲಿದ್ರೆ ನೀವು ನೀರು ಹಾಕ್ತಿದ್ರಾ? ಅವರೇ ಹಾಕಿ ಬೆಳೆಸ್ಲಿ. ಮಳೆ ಬಿದ್ಮೇಲೆ ನಾವು ಕದಿಯೋಣ."